ಗಾಜಿನ ಹೊಟ್ಟೆಯಲ್ಲಿ ಊಟದ ಪರೀಕ್ಷೆ

'ಡಾಕ್ಟ್ರೇ, ದಿನಾ ರಾಗಿ ಮುದ್ದೆ, ವಾರಕ್ಕೆ ಮೂರು ಸಲ ಸೊಪ್ಪಿನ ಸಾರು, ಮೇಲೆ ಕಡಲೆ ಉಸಲಿ. ಆದರೂ ಹುಡುಗಿಯ ಹಿಮೋಗ್ಲೋಬಿನ್ ಒಂಬತ್ತು ದಾಟುತ್ತಿಲ್ಲವಲ್ಲ?' ಬೆಳೆಯುವ ಹೆಣ್ಣುಮಕ್ಕಳ ತಾಯಂದಿರು ವೈದ್ಯರ ಮುಂದೆ ಇಡುವ ಬಹಳ ಸಾಮಾನ್ಯವಾದ ಪ್ರಶ್ನೆಯಿದು. ಪ್ರಶ್ನೆ ನ್ಯಾಯವಾದದ್ದೇ. ಪುಸ್ತಕ ತೆರೆದು ನೋಡಿದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 4ರಿಂದ 5 ಮಿಲಿಗ್ರಾಂ ಕಬ್ಬಿಣವಿದೆ. ಸೊಪ್ಪಿನಲ್ಲಿದೆ, ಕಾಳಿನಲ್ಲಿದೆ. ಕೂಡಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ರಕ್ತದ ಲೆಕ್ಕ ಮಾತ್ರ ಸರಿಹೋಗುವುದಿಲ್ಲ.

ಇದು ಒಂದೆರಡು ಮನೆಗಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇಕಡಾ 67. ಇದಕ್ಕೆ ಕಾರಣಗಳು ಹಲವು: ಜಂತುಹುಳು, ಹೆಚ್ಚಿನ ಮುಟ್ಟಿನ ಸ್ರಾವ, ಮೇಲಿಂದ ಮೇಲೆ ಬಸಿರು, ಬಿ12 ಮತ್ತು ಫೋಲೇಟ್ ಜೀವಸತ್ವಗಳ ಕೊರತೆ, ಹುಟ್ಟಿನಿಂದಲೇ ಬರುವ ಕೆಲವು ರಕ್ತದೋಷಗಳು. ಆದರೆ ತಟ್ಟೆಯಲ್ಲಿರುವ ಕಬ್ಬಿಣವೇ ರಕ್ತಕ್ಕೆ ಸೇರದೆ ಹೋಗುವುದು ಕೂಡ ಒಂದು ದೊಡ್ಡ ಕಾರಣ.

ತಟ್ಟೆಯಲ್ಲಿ ಇದ್ದದ್ದೆಲ್ಲ ಹೊಟ್ಟೆಗೆ ಹೋಗುತ್ತದೆ, ಸರಿ. ಹೊಟ್ಟೆಗೆ ಹೋದದ್ದೆಲ್ಲ ದೇಹಕ್ಕೆ ದಕ್ಕುತ್ತದೆಯೇ? ಇಲ್ಲ. ಆಹಾರ ಜೀರ್ಣವಾಗುವಾಗ ಅದರೊಳಗಿನ ಪೋಷಕಾಂಶ ಬಿಡುಗಡೆಯಾಗಬೇಕು, ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿರಬೇಕು, ಕರುಳಿನ ಗೋಡೆಯ ಬಳಿ ಹೋಗಿ ನಿಲ್ಲಬೇಕು. ಹಾಗೆ ಕರುಳಿನ ಬಾಗಿಲವರೆಗೆ ಬಂದು ನಿಂತ ಭಾಗವನ್ನು ನಾವಿಲ್ಲಿ 'ಒದಗುವ ಭಾಗ' ಎಂದು ಕರೆಯೋಣ. ಧಾನ್ಯ-ಕಾಳುಗಳ ಕಬ್ಬಿಣದಲ್ಲಿ ಈ ಒದಗುವ ಭಾಗ ಬಹಳ ಚಿಕ್ಕದು. ಎಷ್ಟು ಚಿಕ್ಕದು, ಯಾವ ಅಡುಗೆಯಲ್ಲಿ ಹೆಚ್ಚುತ್ತದೆ, ಯಾವುದರಲ್ಲಿ ಕುಗ್ಗುತ್ತದೆ ಎಂಬುದನ್ನು ಅಳೆಯುವುದು ಹೇಗೆ? ಮನುಷ್ಯರ ಮೇಲೆ ನೇರವಾಗಿ ಅಳೆಯಬಹುದು. ಆದರೆ ಅದಕ್ಕೆ ಮೂಗಿನಿಂದ ಕರುಳಿನವರೆಗೆ ಕೊಳವೆ ಇಳಿಸಬೇಕು, ಇಲ್ಲವೇ ಗುರುತು ಹಾಕಿದ ಕಬ್ಬಿಣ ತಿನ್ನಿಸಿ ವಾರಗಟ್ಟಲೆ ರಕ್ತ ಪರೀಕ್ಷಿಸಬೇಕು. ಖರ್ಚೂ ಹೆಚ್ಚು, ತ್ರಾಸವೂ ಹೆಚ್ಚು. ಇಡ್ಲಿಗೊಂದು, ದೋಸೆಗೊಂದು, ಉಪ್ಪಿಟ್ಟಿಗೊಂದು ಎಂದು ಹೀಗೆ ಪರೀಕ್ಷೆ ನಡೆಸುತ್ತ ಕೂರಲಾಗುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲೇ ಒಂದು ಹೊಟ್ಟೆ ಮಾಡಿಕೊಂಡರು.

ಕಂಕುಳಲ್ಲಿ ಜೀರ್ಣಕ್ರಿಯೆ

ದೇಹದ ಹೊರಗೆ ಆಹಾರವನ್ನು ಜೀರ್ಣ ಮಾಡುವ ಹುಚ್ಚು ಹೊಸದಲ್ಲ. ಜಠರವು ಆಹಾರವನ್ನು ಬೀಸುಕಲ್ಲಿನಂತೆ ಅರೆಯುತ್ತದೆಯೋ ಅಥವಾ ಕರಗಿಸುತ್ತದೆಯೋ ಎಂಬುದು 18ನೇ ಶತಮಾನದ ಯುರೋಪಿನಲ್ಲಿ ದೊಡ್ಡ ಜಗಳ. ಫ್ರಾನ್ಸಿನ ರೆಯೋಮ್ಯೂರ್ 1752ರಲ್ಲಿ ಒಂದು ಹದ್ದನ್ನು ಸಾಕಿ, ಎರಡೂ ತುದಿ ತೆರೆದ ಲೋಹದ ಕೊಳವೆಯಲ್ಲಿ ಮಾಂಸ ತುಂಬಿ ಅದಕ್ಕೆ ನುಂಗಿಸಿದರು. ಜೀರ್ಣವಾಗದ್ದನ್ನು ವಾಂತಿ ಮಾಡುವುದು ಹದ್ದಿನ ಅಭ್ಯಾಸ. ಕೊಳವೆ ಹೊರಬಂದಾಗ ಅದಕ್ಕೆ ಒಂದು ತಗ್ಗೂ ಬಿದ್ದಿರಲಿಲ್ಲ, ಆದರೆ ಒಳಗಿದ್ದ ಮಾಂಸ ಕರಗಿತ್ತು. ಅಂದರೆ ಅರೆದದ್ದಲ್ಲ, ಯಾವುದೋ ರಸ ಕರಗಿಸಿದ್ದು. ಮುಂದೆ ಅವರು ಕೊಳವೆಯಲ್ಲಿ ಸ್ಪಂಜಿನ ತುಂಡು ಇಟ್ಟು ನುಂಗಿಸಿ, ಅದನ್ನು ಹಿಂಡಿ ಆ ರಸವನ್ನೂ ಸಂಗ್ರಹಿಸಿದರು.

ಇಟಲಿಯ ಸ್ಪಲಾಂಜಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ರೆಡ್ ಮತ್ತು ಮಾಂಸ ತುಂಬಿದ ಪುಟ್ಟ ಬಟ್ಟೆ ಚೀಲಗಳನ್ನು ತಾವೇ ನುಂಗಿದರು. ಪಕ್ಷಿಗಳ ಜಠರರಸವನ್ನು ಗಾಜಿನ ಕೊಳವೆಗೆ ಹಾಕಿ, ಅದರಲ್ಲಿ ಮಾಂಸದ ಚೂರು ಇಟ್ಟು, ಬಾಯಿ ಮುಚ್ಚಿ, ದೇಹದ ಬಿಸಿ ಸಿಗಲೆಂದು ಆ ಕೊಳವೆಯನ್ನು ಕಂಕುಳಲ್ಲಿ ಇಟ್ಟುಕೊಂಡು ದಿನಗಟ್ಟಲೆ ಓಡಾಡಿದರು! ಮಾಂಸ ಕರಗಿತು. ಈ ಪ್ರಯೋಗಗಳನ್ನು ಅವರು 1780ರಲ್ಲಿ ಪ್ರಕಟಿಸಿದರು. ಮನೆಯವರು ಏನೆಂದರೋ ತಿಳಿಯದು. 1836ರಲ್ಲಿ ಬರ್ಲಿನ್ನಿನ ಥಿಯೊಡೋರ್ ಶ್ವಾನ್ ಆ ರಸದೊಳಗೆ ಆಮ್ಲದ ಜೊತೆಗೆ ಇನ್ನೊಂದು ವಸ್ತು ಕೆಲಸ ಮಾಡುತ್ತಿದೆಯೆಂದು ಕಂಡು ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟರು. ಪ್ರೋಟೀನನ್ನು ಕತ್ತರಿಸುವ ಕಿಣ್ವ ಅದು.

ಇಂದು ಕಂಕುಳಿನ ಜಾಗದಲ್ಲಿ 37 ಡಿಗ್ರಿ ಬಿಸಿಯ ನೀರಿನ ತೊಟ್ಟಿ ಬಂದಿದೆ. ಉಳಿದದ್ದು ಹೆಚ್ಚು ಕಡಿಮೆ ಅದೇ.

ಒಬ್ಬೊಬ್ಬರದು ಒಂದೊಂದು ಹೊಟ್ಟೆ

ಆದರೆ ತೊಂದರೆ ಬೇರೆಯದೇ ಇತ್ತು. ಗಾಜಿನ ಹೊಟ್ಟೆ ಬಳಸುವ ಪ್ರಯೋಗಾಲಯಗಳು ಜಗತ್ತಿನಾದ್ಯಂತ ಹೆಚ್ಚಾದವು. ಒಂದೊಂದು ಪ್ರಯೋಗಾಲಯ ತನಗೆ ತೋಚಿದ ಹೊಟ್ಟೆ ಕಟ್ಟಿಕೊಂಡಿತು. ಒಬ್ಬರು ಬಹಳ ಹುಳಿಯಾದ ಜಠರರಸ ಬಳಸಿದರೆ ಇನ್ನೊಬ್ಬರು ಸಪ್ಪೆಯಾದದ್ದು. ಒಬ್ಬರು ಆಹಾರವನ್ನು ಜಠರದಲ್ಲಿ ಅರ್ಧ ಗಂಟೆ ಇಟ್ಟರೆ ಮತ್ತೊಬ್ಬರು ಮೂರು ಗಂಟೆ. ಪೆಪ್ಸಿನ್ ಹಾಕುವ ಪ್ರಮಾಣದಲ್ಲಂತೂ ಲೆಕ್ಕವೇ ಇಲ್ಲ. ಕೆಲವರು ಪಿತ್ತರಸವನ್ನೇ ಬಿಟ್ಟುಬಿಟ್ಟರು. ಫಲಿತಾಂಶ? ಒಂದೇ ಆಹಾರ ಒಂದು ಊರಿನಲ್ಲಿ ಪೂರ್ತಿ ಜೀರ್ಣವಾಯಿತು, ಇನ್ನೊಂದು ಊರಿನಲ್ಲಿ ಅರ್ಧಕ್ಕೆ ನಿಂತಿತು. ಒಬ್ಬ ಅಂಗಡಿಯವನ ಸೇರು ಇನ್ನೊಬ್ಬನ ಸೇರಿಗೆ ತಾಳೆಯಾಗದ ಸಂತೆಯಲ್ಲಿ ವ್ಯಾಪಾರ ಮಾಡಿದ ಹಾಗೆ.

ಇದು ವಿಜ್ಞಾನಿಗಳ ಒಳಜಗಳ ಎಂದು ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. 'ನಮ್ಮ ಪುಡಿಯ ಪ್ರೋಟೀನು ಬೇಗ ಜೀರ್ಣವಾಗುತ್ತದೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ' ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ಯಾವ ಹೊಟ್ಟೆಯಲ್ಲಿ ಸಾಬೀತಾದದ್ದು ಎಂದು ಕೇಳಬೇಕಾದವರು ಕೊಳ್ಳುವ ನಾವೇ. ತನಗೆ ಬೇಕಾದ ಉತ್ತರ ಬರುವ ಹೊಟ್ಟೆಯನ್ನು ಆರಿಸಿಕೊಳ್ಳಲು ಸಾಧ್ಯವಿದ್ದಾಗ ಪರೀಕ್ಷೆಗೆ ಏನು ಬೆಲೆ?

ಈ ಗೊಂದಲ ಬಿಡಿಸಲು ಯುರೋಪಿನವರು ಒಟ್ಟಾಗಿ ಕೂತರು. ಅದಕ್ಕೆ ವೇದಿಕೆಯಾದದ್ದು 'ಕಾಸ್ಟ್' ಎಂಬ ಸಂಸ್ಥೆ. ವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ ಯುರೋಪಿನ ದೇಶಗಳ ಸಹಕಾರಕ್ಕೆಂದು 1971ರಲ್ಲಿ 19 ದೇಶಗಳು ಸೇರಿ ಕಟ್ಟಿದ ಕೂಟ ಇದು. ಇದರ ಕ್ರಮ ವಿಚಿತ್ರ. ಸಂಶೋಧನೆಗೆ ಇದು ಹಣ ಕೊಡುವುದಿಲ್ಲ. ಉಪಕರಣ, ಸಂಬಳ ಯಾವುದನ್ನೂ ಕೊಡುವುದಿಲ್ಲ. ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಶಾಸ್ತ್ರದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರು ಒಂದೆಡೆ ಸೇರಿ ಮಾತಾಡಲು, ಕಿರಿಯರು ಇನ್ನೊಂದು ಪ್ರಯೋಗಾಲಯಕ್ಕೆ ಹೋಗಿ ಕೆಲವು ವಾರ ಕಲಿತು ಬರಲು, ಕಡೆಗೆ ಒಟ್ಟಾಗಿ ಕಂಡದ್ದನ್ನು ಪ್ರಕಟಿಸಲು ಬೇಕಾದ ಖರ್ಚನ್ನಷ್ಟೇ ಕೊಡುತ್ತದೆ. ಬಸ್ ಚಾರ್ಜು, ಊಟ, ವಸತಿ, ಅಚ್ಚಿನ ಖರ್ಚು ಎಂದರೂ ನಡೆದೀತು. ಹವಾಮಾನ, ಕಾಡು, ಸಾರಿಗೆ, ಭಾಷೆ, ವೈದ್ಯಕೀಯ ಹೀಗೆ ನೂರಾರು ವಿಷಯಗಳಲ್ಲಿ ಈ ಕೂಟದ ಪ್ರಕಟಣೆಗಳು ಬಂದಿವೆ. ಬ್ರಿಟನ್ನಿನ ರೆಡಿಂಗ್ ನಗರದಲ್ಲಿ ನೆಲೆಗೊಂಡು ಹೆಸರಾದ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ ಬೀಜ ಕೂಡ ಬಿದ್ದದ್ದು ಇದೇ ಕೂಟದ ಆರಂಭದ ದಿನಗಳಲ್ಲಿ.

ಜೀರ್ಣಕ್ರಿಯೆಯ ಯೋಜನೆ 2011ರಲ್ಲಿ ಆರಂಭವಾಗಿ 2015ರವರೆಗೆ ನಡೆಯಿತು. ಹೆಸರು 'ಇನ್ಫೊಜೆಸ್ಟ್'. ಫ್ರಾನ್ಸಿನ ರೆನ್ ನಗರದ ಕೃಷಿ ಸಂಶೋಧನಾ ಸಂಸ್ಥೆಯ ದಿದಿಯೆ ದ್ಯುಪೊಂ ಅದರ ಮುಂದಾಳು. 32 ದೇಶಗಳ 200ಕ್ಕೂ ಹೆಚ್ಚು ವಿಜ್ಞಾನಿಗಳು ಇದರಲ್ಲಿ ಸೇರಿದರು. ಆಹಾರತಜ್ಞರು, ಕಿಣ್ವಗಳ ರಸಾಯನಶಾಸ್ತ್ರ ಬಲ್ಲವರು, ಕರುಳಿನ ವೈದ್ಯಶಾಸ್ತ್ರ ತಿಳಿದವರು, ಅಲರ್ಜಿಯ ಅಭ್ಯಾಸಿಗಳು, ಪೋಷಣೆಯ ತಜ್ಞರು, ಯಂತ್ರದ ಹೊಟ್ಟೆ ಕಟ್ಟುವ ಎಂಜಿನಿಯರುಗಳು, ಲೆಕ್ಕ ಹಾಕುವ ಗಣಿತಜ್ಞರು. ಅತ್ತೆ ಸೊಸೆ ಇಬ್ಬರೇ ಇರುವ ಮನೆಯಲ್ಲಿ ಸಾರಿಗೆ ಎಷ್ಟು ಉಪ್ಪು ಎಂಬುದು ತೀರ್ಮಾನವಾಗುವುದಿಲ್ಲ. ಇಷ್ಟು ಜನ ಸೇರಿ ಜಠರಕ್ಕೆ ಎಷ್ಟು ಆಮ್ಲ ಎಂದು ಒಪ್ಪಿಕೊಂಡದ್ದೇ ಒಂದು ಸಾಧನೆ.

ಐದು ಗ್ರಾಂ ಊಟದ ಪಾಕವಿಧಾನ

ಆ ಒಪ್ಪಂದ 2014ರಲ್ಲಿ 'ಫುಡ್ ಅಂಡ್ ಫಂಕ್ಷನ್' ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆದರ್ಲೆಂಡ್ಸಿನ ಮಾನ್ಸ್ ಮಿನೇಕಸ್ ಮೊದಲ ಲೇಖಕರು. ಅವರ ಹಿಂದೆ ಹಲವು ದೇಶಗಳ ಲೇಖಕರ ದೊಡ್ಡ ಪಟ್ಟಿಯೇ ಇದೆ. ಓದಿದರೆ ಅದು ಒಂದು ಅಡುಗೆ ಪುಸ್ತಕದ ಪುಟದಂತೆಯೇ ಇದೆ.

ಐದು ಗ್ರಾಂ ಆಹಾರ ತೆಗೆದುಕೊಳ್ಳಿ. ಗಟ್ಟಿಯಿದ್ದರೆ ಅಗಿದ ಹದಕ್ಕೆ ಅರೆಯಿರಿ. ಅದಕ್ಕೆ ಅಷ್ಟೇ ಪ್ರಮಾಣದ, ಅಂದರೆ 5 ಮಿಲಿಲೀಟರ್ ಕೃತಕ ಜೊಲ್ಲು ಸೇರಿಸಿ. ಜೊಲ್ಲೆಂದರೆ ತಕ್ಕ ಲವಣಗಳು ಮತ್ತು ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಬೆರೆತ ನೀರು. ಎರಡು ನಿಮಿಷ ಕಲಕಿ. ಇದು ಬಾಯಿ. ಆಮೇಲೆ ಇಷ್ಟಕ್ಕೂ ಸಮನಾಗಿ 10 ಮಿಲಿಲೀಟರ್ ಜಠರರಸ ಸೇರಿಸಿ, ಆಮ್ಲ ಹಾಕಿ ಪಿಎಚ್ ಮಾನವನ್ನು 3ಕ್ಕೆ ತನ್ನಿ. ಪ್ರತಿ ಮಿಲಿಲೀಟರಿಗೆ 2000 ಘಟಕ ಪೆಪ್ಸಿನ್ ಇರಬೇಕು. 37 ಡಿಗ್ರಿಯಲ್ಲಿ ಎರಡು ಗಂಟೆ ಕಲಕುತ್ತಿರಿ. ಇದು ಜಠರ. ಕೊನೆಗೆ ಇದಕ್ಕೂ ಸಮನಾಗಿ 20 ಮಿಲಿಲೀಟರ್ ಕರುಳಿನ ರಸ, ಅದರಲ್ಲಿ ಮೇದೋಜೀರಕ ಗ್ರಂಥಿಯ ಕಿಣ್ವಗಳು ಮತ್ತು ಪಿತ್ತರಸ. ಪಿಎಚ್ ಮಾನ 7. ಮತ್ತೆ ಎರಡು ಗಂಟೆ. ಇದು ಸಣ್ಣಕರುಳು. ಐದು ಗ್ರಾಂ ಊಟ ಈಗ 40 ಮಿಲಿಲೀಟರ್ ಗಂಜಿಯಾಗಿದೆ. ಇದರಲ್ಲಿ ಏನು ಕರಗಿದೆ, ಏನು ತಳಕ್ಕೆ ಕೂತಿದೆ ಎಂದು ಅಳೆಯಿರಿ.

ಹೊಟ್ಟೆ ಎಂದರೆ ಸುಣ್ಣಕ್ಕಿಂತ ಸುಡುವ ಆಮ್ಲ ಎಂದು ಓದಿರುವವರಿಗೆ ಪಿಎಚ್ 3 ಸೌಮ್ಯವೆನಿಸಬಹುದು. ಬರಿಹೊಟ್ಟೆಯಲ್ಲಿ ಜಠರದ ಪಿಎಚ್ 2ಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ ಊಟ ಮಾಡಿದ ಕೂಡಲೇ ಅನ್ನ ಸಾರು ಮಜ್ಜಿಗೆ ಸೇರಿ ಅದು 5ರ ಮೇಲೇರುತ್ತದೆ. ನಿಧಾನವಾಗಿ ಮತ್ತೆ ಇಳಿಯುತ್ತದೆ. ಇದರ ಸರಾಸರಿಯೆಂದು 3ನ್ನು ಆರಿಸಿಕೊಂಡರು. ಸರಾಸರಿ ಎಂಬುದು ಯಾವಾಗಲೂ ಒಂದು ರಾಜಿ. ಅದನ್ನು ಅವರೂ ಮುಚ್ಚಿಟ್ಟಿಲ್ಲ.

ಪಾಕವಿಧಾನ ಅಚ್ಚಾದ ಮಾತ್ರಕ್ಕೆ ಎಲ್ಲರ ಕೈಯಲ್ಲೂ ಒಂದೇ ರುಚಿ ಬರುತ್ತದೆಯೇ? ಪರೀಕ್ಷಿಸಲು ಕೆನೆ ತೆಗೆದ ಒಂದೇ ಹಾಲಿನ ಪುಡಿಯನ್ನು ಹಲವು ದೇಶಗಳ ಪ್ರಯೋಗಾಲಯಗಳಿಗೆ ಕಳಿಸಿದರು. ಮೊದಲು ತಮ್ಮ ತಮ್ಮ ಹಳೆಯ ಕ್ರಮದಲ್ಲಿ ಜೀರ್ಣ ಮಾಡಿದಾಗ ಫಲಿತಾಂಶಗಳು ಚೆಲ್ಲಾಪಿಲ್ಲಿಯಾಗಿದ್ದವು. ಹೊಸ ಕ್ರಮದಲ್ಲಿ ಮಾಡಿದಾಗ ಹತ್ತಿರ ಬಂದವು. ಇನ್ನೂ ಉಳಿದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಹುಡುಕಿದಾಗ ಸಿಕ್ಕಿದ್ದು ಪೆಪ್ಸಿನ್. ಬಾಟಲಿಯ ಮೇಲೆ ಬರೆದ ಶಕ್ತಿಯನ್ನು ನಂಬದೆ ಪ್ರತಿಯೊಬ್ಬರೂ ಅಳೆದುಕೊಳ್ಳಬೇಕು, ಅಳೆಯುವ ರೀತಿಯೂ ಒಂದೇ ಆಗಿರಬೇಕು. ತಮಾಷೆಯೆಂದರೆ ಪೆಪ್ಸಿನ್ನಿನ ಶಕ್ತಿ ಅಳೆಯಲು ಬಳಸುವ ಪ್ರೋಟೀನು ಹಿಮೋಗ್ಲೋಬಿನ್! 2016ರಲ್ಲಿ ಪ್ರಕಟವಾದ ಈ ವರದಿಯ ಮೊದಲ ಲೇಖಕಿ ಸ್ವಿಟ್ಜರ್ಲೆಂಡಿನ ಬರ್ನ್ ಬಳಿಯ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯ ಲೋಟಿ ಎಗ್ಗರ್. ಮರುವರ್ಷ ಅವರ ತಂಡ ಇದೇ ಹಾಲನ್ನು ಹಂದಿಗಳ ಹೊಟ್ಟೆಯಲ್ಲಿ ಆದ ಜೀರ್ಣದೊಂದಿಗೆ ಹೋಲಿಸಿತು. 2018ರಲ್ಲಿ ಇನ್ನೊಂದು ತಂಡ ಮನುಷ್ಯರ ಸಣ್ಣಕರುಳಿನಿಂದಲೇ ತೆಗೆದ ಮಾದರಿಯೊಂದಿಗೆ ಹೋಲಿಸಿತು. ಹಾಲಿನ ಪ್ರೋಟೀನು ತುಂಡಾಗುವ ರೀತಿ ಗಾಜಿನಲ್ಲೂ ಕರುಳಿನಲ್ಲೂ ಬಹುಮಟ್ಟಿಗೆ ಹೊಂದಿತು.

ತಿದ್ದಿದ ಎರಡನೆಯ ಪಾಕವಿಧಾನ 2019ರಲ್ಲಿ 'ನೇಚರ್ ಪ್ರೊಟೋಕಾಲ್ಸ್' ಪತ್ರಿಕೆಯಲ್ಲಿ ಬಂತು. ಐರ್ಲೆಂಡಿನ ಆಂದ್ರೆ ಬ್ರಾಡ್‌ಕೋರ್ಬ್ ಮೊದಲ ಲೇಖಕರು. ಜಠರದಲ್ಲಿ ಕೊಬ್ಬನ್ನು ಒಡೆಯುವ ಕಿಣ್ವ ಮೊದಲ ಸಲ ಬಿಟ್ಟುಹೋಗಿತ್ತು. ಮಾರುಕಟ್ಟೆಯಲ್ಲಿ ಅದು ಸರಿಯಾಗಿ ಸಿಗುತ್ತಿರಲಿಲ್ಲ. ಈ ಸಲ ಮೊಲದ ಜಠರದಿಂದ ತೆಗೆದ ಸಾರದ ಮೂಲಕ ಅದನ್ನು ಸೇರಿಸಿದರು. ಹಂದಿಯ ಪೆಪ್ಸಿನ್, ಹಸುವಿನ ಪಿತ್ತ, ಮೊಲದ ಸಾರ ಇಷ್ಟೆಲ್ಲ ಸೇರಿದ ಈ ಹೊಟ್ಟೆ ನಮ್ಮ ಸಸ್ಯಾಹಾರಿ ಮನೆಗಳಿಗೆ ಹಿಡಿಸಲಿಕ್ಕಿಲ್ಲ. ಇಡ್ಲಿಯನ್ನು ಪರೀಕ್ಷಿಸಿದರೂ ಅದಕ್ಕೆ ಇವೇ ಬೇಕು. ಒಂದು ಪರೀಕ್ಷೆ ಮುಗಿಸಲು ಸುಮಾರು ಏಳು ದಿನ ಬೇಕೆಂದೂ, ಅದರಲ್ಲಿ ಐದು ದಿನ ಕಿಣ್ವಗಳ ಶಕ್ತಿಯನ್ನು ಅಳೆಯುವುದಕ್ಕೇ ಹೋಗುತ್ತದೆಂದೂ ಅದರಲ್ಲಿ ಬರೆದಿದೆ. ಜೀರ್ಣಕ್ಕೆ ನಾಲ್ಕು ಗಂಟೆ, ಒಲೆ ಹೊತ್ತಿಸಲು ಐದು ದಿನ!

ಮಗುವಿನದು, ಅಜ್ಜನದು

ನಮ್ಮ ಮನೆಗಳಲ್ಲಿ ಒಂದೇ ಒಲೆಯ ಅಡುಗೆಯನ್ನು ಕೂಸು, ಹುಡುಗ, ಅಜ್ಜ ಮೂವರೂ ಉಣ್ಣುತ್ತಾರೆ. ಹೊಟ್ಟೆ ಮಾತ್ರ ಮೂವರದೂ ಬೇರೆ. ಮೇಲೆ ಹೇಳಿದ್ದು ಆರೋಗ್ಯವಂತ ವಯಸ್ಕರ ಹೊಟ್ಟೆ. ಒಂದು ತಿಂಗಳ ಕೂಸಿನ ಜಠರದಲ್ಲಿ ಹಾಲು ತುಂಬಿರುವಾಗ ಪಿಎಚ್ 5ರ ಮೇಲೆಯೇ ಇರುತ್ತದೆ, ಪೆಪ್ಸಿನ್ ಕಡಿಮೆ, ಹಾಲು ಬಾಯಿಯಲ್ಲಿ ನಿಲ್ಲುವುದೇ ಇಲ್ಲ. ಹೀಗಾಗಿ ಕೂಸಿಗೆ ಬೇರೆಯೇ ಗಾಜಿನ ಹೊಟ್ಟೆ ಬೇಕೆಂದು ರೆನ್ ತಂಡ 2018ರಲ್ಲಿ ಅದನ್ನು ಪ್ರಕಟಿಸಿತು. ತಾಯಿಹಾಲಿಗೂ ಡಬ್ಬಿಹಾಲಿಗೂ ಇರುವ ವ್ಯತ್ಯಾಸ ತಿಳಿಯಲು ಇದು ಬೇಕೇಬೇಕು. ವಯಸ್ಕರ ಆಮ್ಲದಲ್ಲಿ ಡಬ್ಬಿಹಾಲನ್ನು ಪರೀಕ್ಷಿಸಿ 'ಸುಲಭವಾಗಿ ಜೀರ್ಣವಾಗುತ್ತದೆ' ಎಂದರೆ ಕೂಸಿಗೆ ಅದರಿಂದ ಏನು ಪ್ರಯೋಜನ?

ವಯಸ್ಸಾದವರ ಹೊಟ್ಟೆಗೂ 2023ರಲ್ಲಿ ಬೇರೆ ಒಪ್ಪಂದ ಬಂತು. ಅಲ್ಲಿ ಆಮ್ಲ ಕಡಿಮೆ, ಕಿಣ್ವಗಳು ಕಡಿಮೆ, ಆಹಾರ ಜಠರದಲ್ಲಿ ನಿಲ್ಲುವ ಹೊತ್ತು ಹೆಚ್ಚು. ಅರವತ್ತೈದು ದಾಟಿದ ಮೇಲೆ ಮೊದಲಿನಷ್ಟೇ ಬೇಳೆ ತಿಂದರೂ ಮೊದಲಿನಷ್ಟು ಫಲ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಹಲ್ಲಿಲ್ಲದೆ ಸರಿಯಾಗಿ ಅಗಿಯಲಾಗದಿದ್ದರೆ ಇನ್ನೂ ಕಷ್ಟ.

ಅಗಿಯುವ ಮಾತು ಬಂದದ್ದರಿಂದ ಬಾದಾಮಿಯ ಕಥೆ ಹೇಳಬೇಕು. ಬಾದಾಮಿಯ ಎಣ್ಣೆ ಅದರ ಜೀವಕೋಶಗಳ ಗೋಡೆಯೊಳಗೆ ಬಂಧಿಯಾಗಿರುತ್ತದೆ. ಗೋಡೆ ಒಡೆಯದಿದ್ದರೆ ಕಿಣ್ವ ಒಳಗೆ ಹೋಗಲಾರದು. ಬ್ರಿಟನ್ನಿನ ತಂಡಗಳು ಗಾಜಿನ ಹೊಟ್ಟೆಯಲ್ಲಿ ಇದನ್ನು ತೋರಿಸಿದವು. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಮನುಷ್ಯರಲ್ಲೇ ಅಳೆದಾಗ 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ಸಿಕ್ಕ ಶಕ್ತಿ 129 ಕ್ಯಾಲರಿ. ಪೊಟ್ಟಣದ ಲೆಕ್ಕ 170ರ ಆಸುಪಾಸು ಇರುತ್ತದೆ. ತೂಕ ಇಳಿಸುವವರಿಗೆ ಇದು ಸಂತೋಷದ ಸುದ್ದಿ, ತೂಕ ಏರಬೇಕಾದ ಮಗುವಿಗೆ ಅಲ್ಲ. ಅಂಥ ಮಗುವಿಗೆ ಬಾದಾಮಿಯನ್ನು ನುಣ್ಣಗೆ ಅರೆದು ಹಾಲಿಗೆ ಹಾಕುವ ಅಜ್ಜಿಯ ಕ್ರಮವೇ ಸರಿ.

ಇಷ್ಟೆಲ್ಲ ಪ್ರಕಟಣೆಗಳಲ್ಲಿ ನಮ್ಮಂಥ ದೇಶದವರಿಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು ಒಂದು ಪುಸ್ತಕ. ಆಹಾರದ ಗುಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದ ಮಾದರಿಗಳನ್ನೆಲ್ಲ ಒಂದೆಡೆ ವಿವರಿಸುವ ಈ ಗ್ರಂಥವನ್ನು ಇನ್ಫೊಜೆಸ್ಟ್ ಕೂಟ 2015ರಲ್ಲಿ ಸ್ಪ್ರಿಂಗರ್ ಪ್ರಕಾಶನದಿಂದ ಹೊರತಂದಿತು. ಸಂಪಾದಕರಲ್ಲಿ ಮೊದಲಿನವರು ನೆದರ್ಲೆಂಡ್ಸಿನ ಕಿಟ್ಟಿ ಫರ್ಹೂಕ್ಸ್. ಯಾರು ಬೇಕಾದರೂ ಹಣ ಕೊಡದೆ ಪೂರ್ತಿ ಓದಬಹುದು. ಒಂದು ವೈಜ್ಞಾನಿಕ ಗ್ರಂಥದ ಬೆಲೆ ಕಾಲೇಜು ಉಪನ್ಯಾಸಕರ ತಿಂಗಳ ದಿನಸಿ ಖರ್ಚನ್ನು ಮೀರುವ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ಯುರೋಪಿನ ತೆರಿಗೆದಾರರ ಹಣದಲ್ಲಿ ತಯಾರಾದ ಪುಸ್ತಕವನ್ನು ಧಾರವಾಡದ ಹುಡುಗಿಯೊಬ್ಬಳು ಹಾಸ್ಟೆಲಿನಲ್ಲಿ ಕೂತು ಓದಬಹುದು.

ಮೈಸೂರಿನ ಇಡ್ಲಿ

ಯುರೋಪಿನ ಇಂಥ ಸಹಕಾರ ಮೈಸೂರಿಗೆ ತಲುಪಿ ಫಲ ಕೊಟ್ಟ ಹಿಂದಿನ ನಿದರ್ಶನವೂ ಇದೆ. ಇನ್ಫೊಜೆಸ್ಟಿಗೂ ಬಹಳ ಮೊದಲು, ಆಹಾರದ ಕಬ್ಬಿಣದಲ್ಲಿ ಒದಗುವ ಭಾಗವನ್ನು ಅಳೆಯುವ ಒಂದು ಕ್ರಮವನ್ನು ನೆದರ್ಲೆಂಡ್ಸ್, ಬ್ರಿಟನ್, ಐರ್ಲೆಂಡ್, ಸ್ಪೇನ್ ಮೊದಲಾದ ದೇಶಗಳ ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ್ದವು. ಮೊದಲ ಲೇಖಕರು ನೆದರ್ಲೆಂಡ್ಸಿನ ಲೂಟನ್. ಜೀರ್ಣವಾದ ಗಂಜಿಯಲ್ಲಿ ಒಂದು ತೆಳುಪೊರೆಯ ಚೀಲ ಇಳಿಬಿಟ್ಟು, ಪೊರೆ ದಾಟಿ ಚೀಲದೊಳಗೆ ಹೋದ ಕಬ್ಬಿಣವನ್ನು ಅಳೆಯುವ ಕ್ರಮವಿದು. ಪೊರೆ ಎಂದರೆ ಕರುಳಿನ ಗೋಡೆಯ ಬದಲಿ.

ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಕಲ್ಪನಾ ಪ್ಲಾಟೆಲ್ ಮತ್ತು ಕೃಷ್ಣಪುರ ಶ್ರೀನಿವಾಸನ್ ಅವರ ತಂಡ ಈ ಕ್ರಮವನ್ನೇ ಹಿಡಿದು ನಮ್ಮ ಅಡುಗೆಮನೆಯ ಸಾಮಾನುಗಳನ್ನು ಪರೀಕ್ಷೆಗೆ ಹಾಕಿತು. 2007ರಲ್ಲಿ ಪ್ರಕಟವಾದ ಫಲಿತಾಂಶ ನಮ್ಮ ತಾಯಂದಿರ ಪ್ರಶ್ನೆಗೆ ನೇರ ಉತ್ತರ. ಧಾನ್ಯಗಳ ಕಬ್ಬಿಣದಲ್ಲಿ ಒದಗುವ ಭಾಗ ಶೇಕಡಾ 4ರಿಂದ 8. ಕಾಳುಗಳಲ್ಲಿ ಶೇಕಡಾ 2ಕ್ಕಿಂತ ಕಡಿಮೆಯಿಂದ 10ರವರೆಗೆ. ಅಂದರೆ ಪುಸ್ತಕದ 5 ಮಿಲಿಗ್ರಾಂ ಕರುಳಿನ ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ಮಿಲಿಗ್ರಾಂ ಕೂಡ ಉಳಿಯುವುದು ಕಷ್ಟ. ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು ತಳಕ್ಕೆ ಎಳೆಯುವುದು ಇದಕ್ಕೆ ಒಂದು ಮುಖ್ಯ ಕಾರಣ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಅದೇ ತಂಡ ಅಕ್ಕಿ ಉದ್ದಿನ ಹಿಟ್ಟನ್ನು ಹುಳಿಬರಿಸಿ ನೋಡಿದಾಗ ಇಡ್ಲಿಯಲ್ಲೂ ದೋಸೆಯಲ್ಲೂ ಕಬ್ಬಿಣ ಮತ್ತು ಸತುವಿನ ಒದಗುವ ಭಾಗ ಗಣನೀಯವಾಗಿ ಏರಿತು. ಹೆಚ್ಚು ಲಾಭ ಇಡ್ಲಿಗೆ. ಹಿಟ್ಟು ಹುಳಿಯುವಾಗ ಫೈಟೇಟಿನ ಹಿಡಿತ ಸಡಿಲವಾಗುತ್ತದೆ. ಮೊಳಕೆ ಬರಿಸಿದಾಗ ಹೆಸರುಕಾಳು, ಕಡಲೆ, ರಾಗಿ ಮೂರರಲ್ಲೂ ಕಬ್ಬಿಣ ಹೆಚ್ಚು ಒದಗಿತು. ಆದರೆ ರಾಗಿ ಮತ್ತು ಹೆಸರುಕಾಳಿನ ಸತುವು ಮಾತ್ರ ಮೊಳಕೆಯಿಂದ ಕಡಿಮೆಯಾಯಿತು. ಪ್ರಯೋಗವೆಂದರೆ ಹೀಗೆ, ನಮಗೆ ಬೇಕಾದ ಉತ್ತರವೇ ಪ್ರತಿ ಸಲ ಬರುವುದಿಲ್ಲ. 2010ರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ ನೋಡಿದರು. ಎರಡರಿಂದಲೂ ಕಬ್ಬಿಣ ಮತ್ತು ಸತು ಹೆಚ್ಚು ಒದಗಿದವು, ಕೆಲವು ಧಾನ್ಯ-ಕಾಳುಗಳಲ್ಲಿ ಅರ್ಧಕ್ಕೂ ಹೆಚ್ಚು ಏರಿಕೆ. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕುವವರು ರುಚಿಗೆಂದೇ ಹಾಕುತ್ತಿದ್ದರು. ಅದರಲ್ಲಿ ಇದೂ ಇತ್ತು.

ಗಾಜು ಹೇಳದ್ದು

ಇಷ್ಟು ಓದಿದ ಮೇಲೆ ಗಾಜಿನ ಹೊಟ್ಟೆಯೇ ಸರ್ವಜ್ಞ ಎಂದು ತಿಳಿದರೆ ತಪ್ಪು. ನಿಜವಾದ ಜಠರ ಸ್ವಲ್ಪ ಸ್ವಲ್ಪವಾಗಿ ಆಹಾರವನ್ನು ಕೆಳಗೆ ಬಿಡುತ್ತದೆ, ಗಾಜಿನಲ್ಲಿ ಎಲ್ಲವೂ ಒಮ್ಮೆಗೇ ಸಾಗುತ್ತದೆ. ಇದಕ್ಕೆ ಪರಿಹಾರವಾಗಿ ಆಮ್ಲವನ್ನು ನಿಧಾನವಾಗಿ ಸೇರಿಸುತ್ತ, ಆಹಾರವನ್ನು ಕಂತಿನಲ್ಲಿ ಹೊರತೆಗೆಯುವ ಇನ್ನೊಂದು ಕ್ರಮವನ್ನು ಇನ್ಫೊಜೆಸ್ಟ್ ಬಳಗ 2020ರಲ್ಲಿ ಪ್ರಕಟಿಸಿತು. ದೊಡ್ಡಕರುಳಿನ ಸೂಕ್ಷ್ಮಜೀವಿಗಳ ಸಂಸಾರ ಈ ಪಾಕವಿಧಾನದಲ್ಲಿ ಇಲ್ಲವೇ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಗಾಜಿನ ಹೊಟ್ಟೆಗೆ ಹಸಿವೂ ಇಲ್ಲ, ರೋಗವೂ ಇಲ್ಲ. ಕರುಳಿನ ಬಾಗಿಲಿಗೆ ಬಂದ ಕಬ್ಬಿಣವನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ದೇಹ. ಯಕೃತ್ತಿನಿಂದ ಹೊರಡುವ ಹೆಪ್ಸಿಡಿನ್ ಎಂಬ ಹಾರ್ಮೋನು ಈ ಬಾಗಿಲಿನ ಕಾವಲುಗಾರ. ದೇಹದಲ್ಲಿ ಕಬ್ಬಿಣ ಕಡಿಮೆಯಿದ್ದರೆ ಅದು ತಗ್ಗಿ ಬಾಗಿಲು ತೆರೆಯುತ್ತದೆ. ಮೇಲಿಂದ ಮೇಲೆ ಸೋಂಕು, ಉರಿಯೂತ ಇದ್ದರೆ ಅದು ಏರಿ ಬಾಗಿಲು ಮುಚ್ಚುತ್ತದೆ. ಒಂದೇ ತಟ್ಟೆಯಲ್ಲಿ ಉಂಡ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳಿಗೆ ರಕ್ತಹೀನತೆ, ಇನ್ನೊಬ್ಬಳಿಗೆ ಇಲ್ಲ ಎಂದರೆ ಅಡುಗೆಯವರನ್ನು ದೂರುವ ಮೊದಲು ಇದನ್ನು ನೆನೆಯಬೇಕು.

ಹಾಗಾದರೆ ಆ ಒಂಬತ್ತು ಹಿಮೋಗ್ಲೋಬಿನ್ನಿನ ಹುಡುಗಿಗೆ ಏನು ಮಾಡಬೇಕು? ಹದಿಹರೆಯದ ಹುಡುಗಿಯರಲ್ಲಿ, ಹೆಂಗಸರಲ್ಲಿ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 9 ಎಂದರೆ ಬರೀ ಊಟದಿಂದ ಸರಿಪಡಿಸುತ್ತ ಕೂರುವ ಹಂತವಲ್ಲ. ಕಾರಣ ಪರೀಕ್ಷಿಸಿ, ವೈದ್ಯರು ಹೇಳಿದಷ್ಟು ಕಾಲ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು. ಮಲ ಕಪ್ಪಾಯಿತೆಂದು, ಹೊಟ್ಟೆ ಸ್ವಲ್ಪ ಕೆಟ್ಟಿತೆಂದು ನಡುವೆ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಮುಟ್ಟಿನ ಸ್ರಾವ ಎಷ್ಟಿದೆ ಎಂದು ತಾಯಿ ನಾಚದೆ ವಿಚಾರಿಸಬೇಕು, ಜಂತುಹುಳುವಿನ ಔಷಧ ಕೊಟ್ಟಿದೆಯೇ ಎಂದೂ ನೋಡಬೇಕು.

ಊಟದ ಮಟ್ಟಿಗೆ ಖರ್ಚಿಲ್ಲದ ಬದಲಾವಣೆಗಳೇ ಸಾಕು. ಊಟವಾದ ಕೂಡಲೇ ಕಾಫಿ, ಟೀ ಬೇಡ. ಅದರಲ್ಲಿರುವ ಒಗರು ಅಂಶ ಸಸ್ಯಾಹಾರದ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಒಂದು ಗಂಟೆ ತಡೆದರೆ ಆಯಿತು. ಉಸಲಿಗೆ, ಕೋಸಂಬರಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಹಾಳಾಗುತ್ತದೆ. ಊಟದ ಕೊನೆಗೆ ಒಂದು ಸೀಬೆಹಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಕಡಲೆಯನ್ನು ನೆನೆಸಿ ಮೊಳಕೆ ಬರಿಸಿ. ಇಡ್ಲಿ ಹಿಟ್ಟನ್ನು ರಾತ್ರಿಯೆಲ್ಲ ಹುಳಿಯಲು ಬಿಡಿ, ದಿಢೀರ್ ಇಡ್ಲಿಯ ಪೊಟ್ಟಣ ಸೋಡಾ ಹಾಕಿದ ಕೂಡಲೇ ಉಬ್ಬುತ್ತದೆ ನಿಜ, ಆದರೆ ಫೈಟೇಟ್ ಸಡಿಲವಾಗಲು ಬೇಕಾದ ಹೊತ್ತು ಅದಕ್ಕೆ ಸಿಗುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಒಂದು ಬೆಳಗ್ಗೆ, ಇನ್ನೊಂದು ರಾತ್ರಿ ಇರಲಿ. ಮುಂದಿನ ಸಲ ರಕ್ತಪರೀಕ್ಷೆಗೆ ಹೋಗುವಾಗ ಹಿಂದಿನ ಚೀಟಿಯನ್ನೂ ಕೊಂಡೊಯ್ಯಿರಿ. ಆರು ವಾರದ ಮಾತ್ರೆಯ ಮೇಲೂ ಅಂಕಿ ಏರದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ, ಆಗ ವೈದ್ಯರಿಗೆ ಎರಡೂ ಚೀಟಿ ಬೇಕು.